ಡಾಕ್ಟರ್ ಮುಂದೆ ಪಾಸಾದ ಅವ್ವ

ನಮ್ಮ ತವರಿನವರು ಡಾಕ್ಟರನ್ನು ಆರಿಸಿದ ರೀತಿ ನೋಡಿದ್ದರೆ ಎಮ್ಮೆ ಕೊಳ್ಳುವವರೂ ನಗುತ್ತಿದ್ದರು. ಎಮ್ಮೆ ಕೊಳ್ಳುವವನು ಹಾಲನ್ನಾದರೂ ಕರೆದು ನೋಡುತ್ತಾನೆ.

ತೊಂಬತ್ತರ ದಶಕದ ಮೊದಲಲ್ಲಿ ಅವ್ವನಿಗೆ ಸಕ್ಕರೆ ಕಾಯಿಲೆ ಇದೆ ಎಂದು ಗೊತ್ತಾಯಿತು. ಅಪ್ಪ ಅವ್ವ ಕಮಲಾಪುರದಲ್ಲಿ ಇದ್ದರು, ನಾನು ಮದುವೆಯಾಗಿ ಕಲಬುರಗಿಯ ಬ್ರಹ್ಮಪುರದಲ್ಲಿದ್ದೆ. ಮೊದಲು ತೋರಿಸಿದ್ದು ಸ್ಟೇಶನ್ ಬಜಾರದ ಒಬ್ಬ ಡಾಕ್ಟರಿಗೆ. ಆತ ಅರ್ಧ ತಾಸು ಪ್ರಶ್ನೆ ಕೇಳಿದ. ಏನು ಉಣ್ಣುತ್ತೀರಿ, ನೀರಡಿಕೆ ಎಷ್ಟು, ಕಾಲು ಜುಮ್ಮೆನ್ನುತ್ತದೆಯೇ ಎಂದೆಲ್ಲ ವಿಚಾರಿಸಿ, ಚಪ್ಪಲಿ ಬಿಡಿಸಿ ಅಂಗಾಲು ಕೂಡ ನೋಡಿದ. ಇಂಜೆಕ್ಷನ್ ಮಾತ್ರ ಹಾಕಲಿಲ್ಲ. ಹೊರಗೆ ಬಂದವನೇ ಅಪ್ಪ, "ಎಲ್ಲಾ ನಮಗೇ ಕೇಳತಾನ. ಹಂಗಾದ್ರ ಇವ ಏನ್ ಕಲ್ತು ಬಂದಾನ?" ಅಂದ. ಆ ಡಾಕ್ಟರ್ ಅಲ್ಲಿಗೇ ಫೇಲಾದ.

ಎರಡನೆಯವನು ಪಾಸಾದ. ಅವನ ವಿದ್ಯೆ ಏನು ಅಂತೀರಿ? ಅಪ್ಪ ಬಾಗಿಲಲ್ಲಿ ಕಂಡ ಕೂಡಲೇ, "ಬರ್ರಿ ಮಾಸ್ತರ್, ಬರ್ರಿ" ಎಂದು ಬೆಂಚಿನ ಮೇಲೆ ಕೂರಿಸದೆ ತನ್ನ ಟೇಬಲ್ ಪಕ್ಕದ ಕುರ್ಚಿ ಕೊಟ್ಟ. ಕಾಯಿಲೆ ಅವ್ವನದು, ಕ್ಷೇಮಸಮಾಚಾರ ಅಪ್ಪನದು. ರಿಪೋರ್ಟ್ ನೋಡಿ, "ನಿಮ್ಮ ಮನೀ ಶಿಸ್ತು ನೋಡಿ ಬ್ಯಾರೇದವರು ಕಲೀಬೇಕ್ರಿ" ಅಂದ. ಅಪ್ಪನಿಗೆ ಅಷ್ಟು ಸಾಕಾಯಿತು. ಅಂದಿನಿಂದ ಅವನೇ ನಮ್ಮ ಫ್ಯಾಮಿಲಿ ಡಾಕ್ಟರ್. ಮುಖಸ್ತುತಿಗೆ ಫೀಸು ಕೊಟ್ಟು ಬರುವ ಜನ ನಾವು.

ಅಪ್ಪ ಹಳ್ಳಿಯೊಂದರಲ್ಲಿ ಶಾಲೆಯ ಹೆಡ್ ಮಾಸ್ತರನಾಗಿದ್ದ. ಮೇಲಿನ ಸಾಹೇಬರು ತಪಾಸಣೆಗೆ ಬರುತ್ತಾರೆ ಎಂದರೆ ಎಂಟು ದಿನ ಮೊದಲೇ ಗೋಡೆಗೆ ಸುಣ್ಣ ಬಳಿಸುತ್ತಿದ್ದ. ಓದಲು ಬಾರದ ಹುಡುಗರಿಗೆ ಆ ದಿನ ರಜೆ. ಉಳಿದವರಿಗೆ ಒಂದೇ ಪಾಠ ಬಾಯಿಪಾಠ. ಸಾಹೇಬರು ಬೆನ್ನು ತಟ್ಟಿ ಹೋಗುತ್ತಿದ್ದರು, ಶಾಲೆ ಮರುದಿನದಿಂದ ಮತ್ತೆ ಹಾಳು ಬೀಳುತ್ತಿತ್ತು. ಮೂವತ್ತು ವರ್ಷ ಹೀಗೆ ಬಾಳಿದವನಿಗೆ ಡಾಕ್ಟರ್ ಎಂದರೆ ಇನ್ನೊಬ್ಬ ಸಾಹೇಬ, ಅಷ್ಟೇ. ಅವ್ವ ಎಂದರೆ ಸುಣ್ಣ ಹಚ್ಚಬೇಕಾದ ಗೋಡೆ.

ತಿಂಗಳಿಗೊಮ್ಮೆ ತೋರಿಸುವುದಿತ್ತು. ಎಂಟು ದಿನ ಮೊದಲೇ ಅವ್ವನ ತಾಟಿನಿಂದ ಅನ್ನ ಮಾಯವಾಗುತ್ತಿತ್ತು. ಎರಡು ರೊಟ್ಟಿ ಒಂದಾಗುತ್ತಿತ್ತು, ಬೆಳಗ್ಗೆ ಎದ್ದರೆ ಹಾಗಲಕಾಯಿ ರಸ. ಹಿಂದಿನ ದಿನ ಇಬ್ಬರೂ ಬಸ್ಸಿಗೆ ನಮ್ಮ ಮನೆಗೆ ಬರುತ್ತಿದ್ದರು. ಬಸ್ಸು ಮಹಾಗಾಂವ ದಾಟುವ ಹೊತ್ತಿಗೆ ಬಾಯಿಪಾಠ ಶುರುವಾಗಿ ನಮ್ಮ ಪಡಸಾಲೆಯವರೆಗೂ ನಡೆಯುತ್ತಿತ್ತು.

"ಡಾಕ್ಟರ್ ಕೇಳಿದ್ರ ಏನಂತಿ?"

"ಆರಾಮ ಅದೀನ್ರಿ ಅಂತೀನಿ."

"ಹಾಂ. ಮ್ಯಾಲ ಒಂದ್ ಮಾತ್ ಹೆಚ್ಚಿಗಿ ಬ್ಯಾಡ."

ಬೆಳಗ್ಗೆ ಅವ್ವ ತಲೆಗೆ ಎರೆದುಕೊಂಡು, ಪೆಟ್ಟಿಗೆಯಲ್ಲಿಟ್ಟ ಇಳಕಲ್ ಸೀರೆ ಉಟ್ಟು, ಖಾಲಿ ಹೊಟ್ಟೆಯಲ್ಲಿ ರಕ್ತ ಕೊಡುತ್ತಿದ್ದಳು. ರಿಪೋರ್ಟ್ ಚೆನ್ನಾಗಿಯೇ ಬರುತ್ತಿತ್ತು. ಬಾರದೆ ಏನು, ಎಂಟು ದಿನ ಉಪವಾಸ ಕೆಡವಿದ್ದರಲ್ಲ! ಆ ಜಾಣ ಡಾಕ್ಟರ್ ಗುಳಿಗೆಯನ್ನು ಅರ್ಧ ಮಾಡುತ್ತಿದ್ದ. ಅಪ್ಪ ಎದೆ ಉಬ್ಬಿಸಿಕೊಂಡು ಹೊರಗೆ ಬಂದು, ಪಾಸಾದ ಹೆಂಡತಿಗೆ ಹೋಟೆಲಿನಲ್ಲಿ ಜಿಲೇಬಿ ಕೊಡಿಸುತ್ತಿದ್ದ. ಮುಂದಿನ ಮೂರು ವಾರ ಕೇಳುವವರಿರಲಿಲ್ಲ. ಮೇಲೆಲ್ಲ ಥಳಕು, ಒಳಗೆಲ್ಲ ಹುಳುಕು. ನಾನು ಇದನ್ನು ಗಂಡನ ಮುಂದೆ ನಟಿಸಿ ತೋರಿಸಿ ನಗಿಸುತ್ತಿದ್ದೆ. ನಾನು ಓದಿದವಳು, ನನಗೆ ಎಲ್ಲ ತಿಳಿಯುತ್ತದೆ ಎಂಬ ಸೊಕ್ಕು. ನಮ್ಮ ಮನೆಗೆ ಬಂದ ದಿನ ಹಾಗಲಕಾಯಿ ಹಿಂಡಿ ಕೊಡುತ್ತಿದ್ದವಳೂ ನಾನೇ.

ಒಂದು ಬೇಸಿಗೆಯಲ್ಲಿ ಹಾಗೆಯೇ ಬಂದಿದ್ದರು. ಬಚ್ಚಲಲ್ಲಿ ಅವ್ವನ ಕಾಲಿಗೆ ನೀರು ಹಾಕುತ್ತಿದ್ದೆ. ಎಡಗಾಲಿನ ಕಿರುಬೆರಳಿಗೆ ಅರಿಷಿಣ ಮೆತ್ತಿದ ಬಟ್ಟೆ ಸುತ್ತಿತ್ತು. ಬಿಚ್ಚಿದರೆ ಬೆರಳು ಕಪ್ಪಗಾಗಿತ್ತು, ವಾಸನೆ ಬರುತ್ತಿತ್ತು.

"ಇದು ಎಂದಿನಿಂದ, ಯವ್ವಾ?"

"ಸಾವಕಾಶ ಮಾತಾಡ. ಚಪ್ಪಲ್ ಕಚ್ಚಿದ್ದು, ನೋವೇನಿಲ್ಲ. ನಿಮ್ಮಪ್ಪಗ ಗೊತ್ತದ. ಈ ಸಲ ರಿಪೋರ್ಟ್ ಚೊಲೋ ಬರಲಿ, ಮುಂದಿನ ತಿಂಗಳ ತೋರಸೋಣು ಅಂದಾರ. ಈಗ ತೋರಿಸಿದ್ರ ಡಾಕ್ಟರ್ ಏನಂತಾರ, ಮನ್ಯಾಗ ಕಾಳಜಿ ಮಾಡಂಗಿಲ್ಲ ಅಂತಾರ."

ನಾಳೆ ನಾನೇ ಹೇಳುತ್ತೇನೆ ಎಂದು ನಿಶ್ಚಯ ಮಾಡಿದೆ. ಮರುದಿನ ಜೊತೆಗೆ ಹೋದೆ. ಅಪ್ಪ ತನ್ನ ಕುರ್ಚಿಯಲ್ಲಿ, ನಾವಿಬ್ಬರೂ ಬೆಂಚಿನ ಮೇಲೆ. ಅವ್ವ ಕಾಲನ್ನು ಸೀರೆಯ ನಿರಿಗೆಯೊಳಗೆ ಎಳೆದುಕೊಂಡಿದ್ದಳು. "ಹೆಂಗದೀರಿ?" ಎಂದು ಡಾಕ್ಟರ್ ಅಪ್ಪನನ್ನು ಕೇಳಿದ. "ಆರಾಮ ಅದಾಳ್ರಿ" ಎಂದು ಅಪ್ಪ ಹೇಳಿದ. ರಿಪೋರ್ಟ್ ನೋಡಿ ಡಾಕ್ಟರ್ ನನ್ನ ಕಡೆ ತಿರುಗಿ, "ನಿಮ್ಮಪ್ಪಾರ ಹಂಗ ಪೇಶಂಟ್ ನೋಡಿಕೊಳ್ಳೋರು ಎಲ್ಲಿ ಸಿಗತಾರ, ಹೇಳ್ರಿ" ಅಂದ.

ಅದೇ ಹೊತ್ತು. ಬಾಯಿ ತೆರೆಯಬೇಕಿತ್ತು. ಅಪ್ಪ ನನ್ನನ್ನೇ ನೋಡುತ್ತಿದ್ದ, ಅವ್ವ ನನ್ನ ಸೆರಗು ಹಿಡಿದಿದ್ದಳು. ನಾಲ್ಕು ಜನರ ಮುಂದೆ ಹಡೆದ ತಂದೆಯನ್ನು ಸುಳ್ಳ ಎನ್ನಿಸಬೇಕಾಗಿತ್ತು. "ಖರೇ ಅದರಿ" ಅಂದೆ. ನಕ್ಕೆ ಕೂಡ.

ಹದಿನೈದು ದಿನಕ್ಕೆ ಜ್ವರ ಏರಿ ಅವ್ವನನ್ನು ದೊಡ್ಡ ದವಾಖಾನೆಗೆ ಸೇರಿಸಿದೆವು. ಎರಡು ಬೆರಳು ತೆಗೆದರು. ಅಲ್ಲಿನ ಡಾಕ್ಟರ್, "ಇಷ್ಟ ದಿನ ಮನ್ಯಾಗ ಯಾರೂ ನೋಡ್ಲಿಲ್ಲೇನ್ರಿ?" ಎಂದು ಕೇಳಿದಾಗ ಅಪ್ಪ, "ಆಕಿ ಹೇಳ್ಲೇ ಇಲ್ರಿ" ಅಂದ. ಅಂಥ ಮನುಷ್ಯನನ್ನು ನಾನು ಅದುವರೆಗೆ ಕಂಡಿರಲಿಲ್ಲ. ಸಾಯುವವರೆಗೂ ಅವನ ಮುಖ ನೋಡಬಾರದು ಅನ್ನಿಸಿತು.

ಅಪ್ಪ ಚಹಾ ತರಲು ಹೊರಗೆ ಹೋದ. ಅವ್ವ ಮಂಚದ ಮೇಲಿಂದ ಕೈ ಚಾಚಿ ನನ್ನ ಗಲ್ಲ ಸವರಿದಳು.

"ಅವತ್ತ ಡಾಕ್ಟರ್ ಮುಂದ ನೀ ನಿಮ್ಮಪ್ಪನ ಮರ್ಯಾದಿ ಉಳಿಸಿದಿ, ನನ್ನವ್ವ. ಬ್ಯಾರೆ ಮಗಳಾಗಿದ್ರ ಬಾಯಿ ಬಿಡತಿದ್ಲು."