ರೇಡಿಯೋ ಅತ್ತೆಯ ಮೆರವಣಿಗೆ

ಕಳೆದ ಗುರುವಾರ ಭದ್ರಾವತಿಯಲ್ಲಿ ನನ್ನ ಸೋದರತ್ತೆಗೆ ಒಂದು ರೇಡಿಯೋ ಕೊಟ್ಟರು. ನಿಜವಾದ ರೇಡಿಯೋ. ಎಳೆದರೆ ಉದ್ದವಾಗುವ ಏರಿಯಲ್, ಮೇಲೊಂದು ಗುಲಾಬಿ ರಿಬ್ಬನ್. ಜತೆಗೆ ಶಾಲು, ಪೇಟ, ಏಲಕ್ಕಿ ಹಾರ.

ಅತ್ತೆ ರೇಡಿಯೋದಲ್ಲಿ ಹಾಡುವವರಲ್ಲ. ನಾಟಕ ಓದುವವರಲ್ಲ. ವಾರ್ತೆಯವರಂತೂ ಅಲ್ಲವೇ ಅಲ್ಲ. ಅವರು ರೇಡಿಯೋಕೆಮಿಸ್ಟ್.

ಈ ಪದವನ್ನು ಸನ್ಮಾನ ಇಟ್ಟುಕೊಂಡಿದ್ದ ಊರಿನ ಕನ್ನಡ ಸಂಘದ ಅಧ್ಯಕ್ಷ ಹಾಲೇಶಣ್ಣ ಫೋನಿನಲ್ಲಿ ಕೇಳಿಸಿಕೊಂಡಿದ್ದರು. ರೇಡಿಯೋ ಸ್ಟೇಷನ್ ಇರುವ ಊರಿನವರಿಗೆ ರೇಡಿಯೋ ಅಂದರೆ ಏನು ಅರ್ಥವಾಗಬೇಕೋ ಅವರಿಗೂ ಅದೇ ಅರ್ಥವಾಯಿತು. ಕೆಮಿಸ್ಟ್ ಅಂದರೆ ಮೆಡಿಕಲ್ ಶಾಪು. ಎರಡನ್ನೂ ಕೂಡಿಸಿ ಬ್ಯಾನರ್ ಹಾಕಿಸಿದರು: ‘ಬಾನುಲಿ ಕಲಾವಿದೆ ಹಾಗೂ ಔಷಧ ವ್ಯಾಪಾರಿ ಡಾ. ಶಾರದಾ ಅವರಿಗೆ ಹುಟ್ಟೂರ ಸನ್ಮಾನ.’

ನವೆಂಬರ್ ಅಲ್ಲವೇ? ನಮ್ಮ ಕಡೆ ಸನ್ಮಾನದ ಸೀಸನ್ನು. ಶಾಲು ಮೊದಲು ಖರೀದಿಯಾಗುತ್ತದೆ, ಸಾಧಕರನ್ನು ಆಮೇಲೆ ಹುಡುಕುತ್ತಾರೆ.

ನಿರೂಪಣೆ ನನ್ನದು. ನಿಮಗೆ ಗೊತ್ತೇ ಇದೆ, ಶಿವಮೊಗ್ಗದಲ್ಲಿ ಎಲ್ಲಿ ಮೈಕು ಸಿಕ್ಕರೂ ಬೇರೆಯವರ ದನಿ ತೆಗೆದು ಬದುಕುವ ಪ್ರಾಣಿ ನಾನು. ಸಿಟಿ ಬಸ್ಸಿನ ಕಂಡಕ್ಟರ್, ಮದುವೆ ಪುರೋಹಿತರು, ಮಾಜಿಗಳು, ಹಾಲಿಗಳು, ಆಕಾಂಕ್ಷಿಗಳು. (ಸ್ವಂತ ದನಿಗೆ ಇದುವರೆಗೆ ಯಾರೂ ಪೇಮೆಂಟ್ ಕೊಟ್ಟಿಲ್ಲ.)

ಅತ್ತೆ ಹುಟ್ಟಿ ಬೆಳೆದದ್ದು ನ್ಯೂ ಟೌನಿನ ಕ್ವಾರ್ಟರ್ಸಿನಲ್ಲಿ. ತಾತ ಕಾರ್ಖಾನೆಯ ಕುಲುಮೆಯ ಮುಂದೆ ಬೆಂದರು. ಮಗಳು ಎಂ.ಎಸ್ಸಿ. ಮುಗಿಸಿ ಮುಂಬೈಗೆ ಹೋಗಿ, ಸೀಸದ ಗೋಡೆಯ ಹಿಂದೆ ನಿಂತು, ಯಂತ್ರದ ಕೈಗಳಲ್ಲಿ ಪುಟ್ಟ ಪುಟ್ಟ ಶೀಶೆಗಳನ್ನು ಅಲ್ಲಾಡಿಸುತ್ತಾ ಇಡೀ ಸರ್ವಿಸ್ ಕಳೆದರು. ಈಗ ರಿಟೈರ್ ಆಗಿ ನ್ಯೂ ಟೌನಿಗೇ ವಾಪಸ್.

“ಅತ್ತೆ, ನೀವು ಇಷ್ಟು ವರ್ಷ ಮಾಡಿದ್ದಾದ್ರೂ ಏನು?” ಅಂತ ಒಮ್ಮೆ ಕೇಳಿದ್ದೆ.

“ನೀನು ಮಾಡೋದೇ ಕಣೋ. ಮಿಮಿಕ್ರಿ.”

ತಮಾಷೆಯಲ್ಲ. ಸಕ್ಕರೆಯ ಒಂದು ಕಣಕ್ಕೆ ವಿಕಿರಣ ಸೂಸುವ ಪರಮಾಣು ಅಂಟಿಸುತ್ತಾರೆ. ಅದನ್ನು ರೋಗಿಯ ರಕ್ತಕ್ಕೆ ಬಿಡುತ್ತಾರೆ. ಕ್ಯಾನ್ಸರ್ ಕೋಶಕ್ಕೆ ಸದಾ ಹಸಿವು. ಸಕ್ಕರೆ ಬಂತು ಅಂತ ಬಾಗಿಲು ತೆಗೆದು ಒಳಗೆ ಕರೆದುಕೊಳ್ಳುತ್ತದೆ. ಕರೆದುಕೊಂಡ ಮೇಲೆ ಅರಗಿಸಿಕೊಳ್ಳಲಾಗದು, ಹೊರಗೆ ಹಾಕಲೂ ಆಗದು. ಅಲ್ಲೇ ಕೂತು ಅದು ಹೊಳೆಯುತ್ತದೆ. ಹೊರಗಿನ ಸ್ಕ್ಯಾನರ್‌ಗೆ ಕಾಣುತ್ತದೆ. ರೋಗ ಎಲ್ಲಿದೆ, ಬದುಕಿದೆಯೋ ಸತ್ತಿದೆಯೋ, ಎಲ್ಲ ಬಯಲು.

“ಆದ್ರೆ ಇದರ ಆಟ ನಿನ್ನ ಆಟಕ್ಕಿಂತ ಬೇಗ ಮುಗಿಯುತ್ತೆ,” ಅಂದಿದ್ದರು ಅತ್ತೆ. “ಎರಡು ಗಂಟೆ ಆಗೋದ್ರೊಳಗೆ ಅರ್ಧ ಖಾಲಿ. ಇನ್ನೆರಡು ಗಂಟೆಗೆ ಉಳಿದಿದ್ರಲ್ಲಿ ಅರ್ಧ. ಮಿಮಿಕ್ರಿ ಮುಗಿದ ಮೇಲೆ ಅದು ಬರೀ ಸಕ್ಕರೆ. ಅಪ್ಪ ಮಾಡಿದ ಕಬ್ಬಿಣ ಇನ್ನೂ ಯಾವ್ಯಾವುದೋ ಸೇತುವೇಲಿದೆ. ನಾನು ಮಾಡಿದ್ದು ಅವತ್ತು ಸಾಯಂಕಾಲಕ್ಕೇ ಇಲ್ಲ.”

ಅದಕ್ಕೇ ಅವರ ಸಂಶೋಧನೆಯೆಲ್ಲ ಒಂದೇ ವಿಷಯದ ಮೇಲೆ: ಆ ಪರಮಾಣುವನ್ನು ಇನ್ನೂ ಬೇಗ ಅಂಟಿಸುವುದು ಹೇಗೆ? ವರ್ಷಗಟ್ಟಲೆ ತಿಣುಕಿ ಅವರ ತಂಡ ಉಳಿಸಿದ್ದು ಇಪ್ಪತ್ತು ನಿಮಿಷ. ನಾನು ನಕ್ಕಿದ್ದೆ. ಇಪ್ಪತ್ತು ನಿಮಿಷ ನಾವು ಟೀ ಆರ್ಡರ್ ಮಾಡಿ ಕಾಯುವ ಹೊತ್ತಲ್ಲವೇ?

“ನಗು, ನಗು. ನಿನಗೆ ಈ ಸ್ಕ್ಯಾನ್ ಮಾಡಿದ್ರೆ ಗಂಟಲು ಒಂದೇ ಹೊಳೆಯೋದು. ಮೆದುಳು ಎಲ್ಲರದ್ದೂ ಹೊಳೆಯುತ್ತೆ, ನಿಂದು ಮಾತ್ರ ನೋಡಿ ಹೇಳಬೇಕು.”

ಈಗ ಗುರುವಾರಕ್ಕೆ ಬರೋಣ. ಅವತ್ತೇ ಶಿವಮೊಗ್ಗದ ಆಸ್ಪತ್ರೆಯೊಂದರಲ್ಲಿ ಸೆಲ್ವಕ್ಕನಿಗೆ ಇದೇ ಸ್ಕ್ಯಾನ್. ಸೆಲ್ವಕ್ಕ ಅತ್ತೆಯ ಬಾಲ್ಯದ ಗೆಳತಿ, ಕ್ವಾರ್ಟರ್ಸಿನಲ್ಲಿ ಪಕ್ಕದ ಮನೆಯವರು. ಕೀಮೋ ಮುಗಿದಿದೆ, ಎದೆಯಲ್ಲೊಂದು ಗಂಟು ಉಳಿದಿದೆ. ಆ ಗಂಟು ಸತ್ತಿದೆಯಾ, ಬದುಕಿದೆಯಾ? ಅದು ತಿಳಿಯದೆ ಆಪರೇಷನ್ ಮಾಡಲಾರೆ ಅಂದಿದ್ದಾರೆ ಡಾಕ್ಟರು. ಔಷಧಿ ಬೆಳಗಿನ ಜಾವ ಬೆಂಗಳೂರಿನಿಂದ ಕಾರಿನಲ್ಲಿ ಹೊರಡುತ್ತದೆ. ದಾರಿಯಲ್ಲಿ ಕರಗುವುದನ್ನು ಲೆಕ್ಕ ಹಾಕಿಯೇ ಹತ್ತು ಪಾಲು ತುಂಬಿರುತ್ತಾರೆ, ತಲುಪುವಾಗ ಒಂದು ಪಾಲು ಉಳಿಯಲಿ ಅಂತ. ಕಾರ್ಯಕ್ರಮ ಬೇಗ ಮುಗಿಸಿ ಆಸ್ಪತ್ರೆಗೆ ಓಡುವುದು ಅತ್ತೆಯ ಪ್ಲಾನು.

ಮೆರವಣಿಗೆ ಇದೆ ಅಂತ ಅವರಿಗೆ ಯಾರೂ ಹೇಳಿರಲಿಲ್ಲ. ಅದು ಹಾಲೇಶಣ್ಣನ ಸರ್‌ಪ್ರೈಸು.

ತೆರೆದ ಜೀಪು. ಡೊಳ್ಳು. ಮುಂದೊಂದು ಅನೌನ್ಸ್‌ಮೆಂಟ್ ಆಟೋ, ಅದರಲ್ಲಿ ಮೈಕು ಹಿಡಿದ ನಾನು. ಮುಖ್ಯರಸ್ತೆಯ ನಟ್ಟನಡುವೆ ನಮ್ಮನ್ನೆಲ್ಲ ನಿಲ್ಲಿಸಿದರು. ಚೀಫ್ ಗೆಸ್ಟ್ ಬಂದಿಲ್ಲ. ಯಾವುದೋ ನಿಗಮದ ಮಾಜಿ ಅಧ್ಯಕ್ಷರು. ಅವರು ಬರದೆ ಜೀಪು ಕದಲುವಂತಿಲ್ಲ. ಹಿಂದೆ ಬಸ್ಸು, ಲಾರಿ, ಸ್ಕೂಟರುಗಳ ಬಾಲ ಬೆಳೆಯುತ್ತಲೇ ಹೋಯಿತು.

ಒಂದು ಗಂಟೆ ಹೀಗೇ ಹೋದ ಮೇಲೆ ಅತ್ತೆಯ ಫೋನು ಬಡಿದುಕೊಂಡಿತು. ಸೆಲ್ವಕ್ಕ. ಡೊಳ್ಳಿನ ಸದ್ದಿಗೆ ಅತ್ತೆ ಸ್ಪೀಕರ್ ಹಾಕಿದರು.

“ಏ ಶಾರದಾ, ಔಷಧಿ ಇನ್ನೂ ಬಂದಿಲ್ಲ ಕಣೇ. ಡ್ರೈವರು ಭದ್ರಾವತೀಲಿ ಜಾಮ್ ಅಂತಾನಂತೆ. ನಿನ್ನೆ ರಾತ್ರಿಯಿಂದ ಬರೀ ಪಚ್ಚೆ ತಣ್ಣಿ, ಖಾಲಿ ನೀರು ಕುಡ್ಕೊಂಡು ಕೂತಿದೀನಿ. ಅದೇನು ಜಾಮು, ಸ್ವಲ್ಪ ನೋಡೇ.”

ಅತ್ತೆ ತಿರುಗಿ ಹಿಂದೆ ನೋಡಿದರು. ಪೇಟ ಹಿಡಿದುಕೊಂಡು ಜೀಪಿನಿಂದ ಇಳಿದೇಬಿಟ್ಟರು. ನಾನೂ ಹಿಂದೆ ಓಡಿದೆ. ಎರಡು ಬಸ್ಸು, ಒಂದು ಕಬ್ಬಿನ ಟ್ರ್ಯಾಕ್ಟರ್ ದಾಟಿದರೆ ಒಂದು ಬಿಳಿ ಕಾರು. ಹಿಂಬದಿ ಗಾಜಿನಲ್ಲಿ ವಿಕಿರಣದ ಹಳದಿ ಚಿಹ್ನೆ. ಬೈಪಾಸ್ ಕಡೆ ರಸ್ತೆ ಕೆಲಸ ಅಂತ ಊರೊಳಗೆ ಬಂದಿದ್ದನಂತೆ ಡ್ರೈವರು.

“ಮೇಡಂ, ಇದು ಐಸ್‌ಕ್ರೀಮಿಗಿಂತ ಬೇಗ ಕರಗೋ ಮಾಲು. ಯಾರದ್ದು ಮೇಡಂ ಈ ದರಿದ್ರ ಮೆರವಣಿಗೆ?”

ಅತ್ತೆಯ ಕೊರಳಲ್ಲಿ ಏಲಕ್ಕಿ ಹಾರ ಇತ್ತು.

ಅಷ್ಟರಲ್ಲಿ ಹಾಲೇಶಣ್ಣ ಏದುಸಿರು ಬಿಡುತ್ತಾ ಬಂದರು. “ಮೇಡಂ, ನೀವೇ ಇಳಿದ್ರೆ ಹೆಂಗೆ? ಜನ ಏನಂತಾರೆ? ಗೆಸ್ಟ್ ಇಲ್ಲೇ ಬಂದ್ರು, ಎರಡೇ ನಿಮಿಷ.”

“ಹಾಲೇಶ್, ಆ ಜೀಪು ಪಕ್ಕಕ್ಕೆ ಹಾಕ್ಸಿ. ಈ ಕಾರಲ್ಲಿ ಔಷಧಿ ಇದೆ, ಕೆಟ್ಟುಹೋಗ್ತಿದೆ.”

“ಔಷಧಿ ತಾನೇ? ನಮ್ಮ ಬಾಮೈದನ ಬೇಕರಿ ಇಲ್ಲೇ ಇದೆ. ಫ್ರಿಜ್ಜಲ್ಲಿ ಇಡ್ಸಣ ಬಿಡಿ ಮೇಡಂ.”

ಒಂದು ಆಯುಷ್ಯ ಪೂರ್ತಿ, ಯಾವ ತಂಪಿಗೂ ನಿಲ್ಲದ ಆ ಪರಮಾಣುವಿನ ಹಿಂದೆ ಓಡಿದವರು, ಅದನ್ನು ಫ್ರಿಜ್ಜಿನಲ್ಲಿ ಇಡೋಣ ಅಂದವನ ಮುಖ ನೋಡಿದರು. ನಂತರ ನನ್ನ ಮುಖ ನೋಡಿದರು. “ಮೈಕ್ ಇದೆಯಲ್ಲೋ ನಿನ್ನ ಹತ್ರ. ಏನಾದ್ರೂ ಮಾಡೋ.”

ಓಡಿದೆ. ಆಟೋ ಹತ್ತಿ ಆ ಮಾಜಿ ಅಧ್ಯಕ್ಷರದ್ದೇ ದನಿ ತೆಗೆದೆ. ಮೊದಲೊಂದು ಕೆಮ್ಮು, ಆಮೇಲೆ ಎಳೆದ “ಆತ್ಮೀಯರೇ”. “ಆತ್ಮೀಯರೇ, ನಾನು ಬೇರೆ ದಾರಿಯಿಂದ ವೇದಿಕೆಗೆ ಬಂದಾಗಿದೆ. ಎಲ್ಲರೂ ರಸ್ತೆ ಬಿಡಿ, ವಾಹನಗಳು ಹೋಗಲಿ.”

ಜನ ಹೋ ಅಂತ ನಕ್ಕರು. ಶಿಳ್ಳೆ ಬಿತ್ತು. ಬದಿಯಲ್ಲಿ ನಿಂತಿದ್ದವರೂ ರಸ್ತೆಗಿಳಿದು ಆಟೋ ಸುತ್ತುವರಿದರು. “ಒನ್ಸ್ ಮೋರ್!”

ಇನ್ಸ್‌ಪೆಕ್ಟರ್ ದನಿಯಲ್ಲಿ ಗದರಿದೆ. ಮೊಬೈಲು ಎತ್ತಿ ವಿಡಿಯೋ ಶುರು ಮಾಡಿದರು. ಇದ್ದಬದ್ದ ದಾರಿಯೂ ಮುಚ್ಚಿತು. ನನ್ನ ಕಲೆಗೆ ಇಷ್ಟು ಒಳ್ಳೆಯ ರೆಸ್ಪಾನ್ಸ್ ಯಾವತ್ತೂ ಸಿಕ್ಕಿರಲಿಲ್ಲ.

ಕೊನೆಗೆ ದನಿಗಳೆಲ್ಲ ಬಿಟ್ಟು, “ದಯವಿಟ್ಟು ದಾರಿ ಬಿಡಿ. ಹಿಂದಿನ ಕಾರಿನಲ್ಲಿ ರೋಗಿಗಳ ಔಷಧಿ ಇದೆ,” ಅಂದೆ.

ಮುಂದೆ ನಿಂತಿದ್ದವನೊಬ್ಬ ಪಕ್ಕದವನನ್ನು ಕೇಳಿದ: “ಇದು ಯಾರ ವಾಯ್ಸೋ ಮಾರಾಯ? ಗೊತ್ತೇ ಆಗ್ಲಿಲ್ಲ.”

ಗೆಸ್ಟ್ ಬಂದರು. ಕೈಮುಗಿದರು. ಜೀಪಿನಲ್ಲಿ ಅತ್ತೆಯ ಜಾಗ ಖಾಲಿ ಕಂಡು ತಾವೇ ಹತ್ತಿ ನಿಂತರು. ಮೆರವಣಿಗೆಗೆ ಯಾವ ಕೊರತೆಯೂ ಆಗಲಿಲ್ಲ. ಅದು ವೇದಿಕೆಯ ಕಡೆಗೆ ತಿರುಗಿದ ಮೇಲೆಯೇ ಬಿಳಿ ಕಾರಿಗೆ ದಾರಿ ಸಿಕ್ಕಿದ್ದು. ಅದರಲ್ಲೇ ಅತ್ತೆಯೂ ಹತ್ತಿದರು. ಹತ್ತುವಾಗ ಕಾರಿನ ಕಿಟಕಿಯೊಳಗೆ ಹಾಲೇಶಣ್ಣ ರೇಡಿಯೋ ತುರುಕಿದರು. ಮೆಮೆಂಟೋ ಉಳಿಸಿಕೊಳ್ಳುವ ಹಾಗಿಲ್ಲವಲ್ಲ!

ನಾನು ಬಸ್ ಹಿಡಿದು ಆಸ್ಪತ್ರೆಗೆ ಹೋಗುವಷ್ಟರಲ್ಲಿ ಎಲ್ಲ ತೀರ್ಮಾನವಾಗಿತ್ತು. ಶೀಶೆಯಲ್ಲಿ ಉಳಿದಿದ್ದು ಮೊದಲ ಇಬ್ಬರಿಗೆ ಸಾಕಾಯಿತು. ಸೆಲ್ವಕ್ಕನದು ಕೊನೆಯ ಸರದಿ. ಅವರ ಪಾಲಿಗೆ ಬಂದದ್ದು ಬರೀ ಸಕ್ಕರೆ ನೀರು. ಕಾರಿಡಾರಿನಲ್ಲಿ ಕೂತು ಕ್ಯಾಂಟೀನಿನ ಇಡ್ಲಿ ತಿನ್ನುತ್ತಿದ್ದರು. ಪಕ್ಕದಲ್ಲಿ ಅತ್ತೆ, ತೆಗೆಯಲು ಮರೆತ ಪೇಟದ ಸಮೇತ.

“ನೋಡೋ ನಿಮ್ಮತ್ತೇನ, ಮದುವೆ ಗಂಡಿನ ಥರ,” ಅಂತ ಸೆಲ್ವಕ್ಕ ನಕ್ಕರು. ಆಮೇಲೆ ಅತ್ತೆಯ ಮಡಿಲಲ್ಲಿದ್ದ ರೇಡಿಯೋದ ಕಿವಿ ತಿರುಗಿಸಿದರು. ಬರೀ ಗೊರಗೊರ.

“ಶಾರದಾ, ಗಂಟು ಸತ್ತಿರುತ್ತೆ ಅಲ್ವೇನೇ?”

ಅತ್ತೆ ರೇಡಿಯೋದ ಏರಿಯಲ್ ಎಳೆದರು. ಹೌದು ಅಂತ ನಟಿಸುವುದು ಅವರಿಗೆ ಬರುವುದಿಲ್ಲ. ನನಗೆ ಬರುತ್ತದೆ. ಆದರೂ ಆ ದನಿ ತೆಗೆಯಲಿಲ್ಲ.

ಅತ್ತೆಯ ತಂಡ ಅಷ್ಟು ವರ್ಷ ಒದ್ದಾಡಿ ಉಳಿಸಿದ ಇಪ್ಪತ್ತು ನಿಮಿಷವನ್ನು ನಾವು ಬರೀ ಡೊಳ್ಳಿಗೆ ಖರ್ಚು ಮಾಡಿದೆವು. ಉಳಿದದ್ದು ಗೆಸ್ಟಿಗೆ. ಸಾಧಕರನ್ನು ಗೌರವಿಸುವುದರಲ್ಲಿ ನಮ್ಮ ಊರಿನವರನ್ನು ಮೀರಿಸುವವರಿಲ್ಲ. ಸಾಧನೆಗೆ ಮಾತ್ರ ಸ್ವಲ್ಪ ರಸ್ತೆ ಬಿಡಬೇಕು, ಅಷ್ಟೇ. ಅದು ನಮ್ಮಿಂದ ಆಗದ ಕೆಲಸ.

ಮುಂದಿನ ಗುರುವಾರ ಸೆಲ್ವಕ್ಕ ಮತ್ತೆ ಉಪವಾಸ ಇರುತ್ತಾರೆ, ಬಿಳಿ ಕಾರು ಮತ್ತೆ ಹೊರಡುತ್ತದೆ. ಅವತ್ತು ಭದ್ರಾವತಿಯಲ್ಲಿ ಯಾರಿಗೂ ಸನ್ಮಾನ ಇಲ್ಲ ತಾನೇ?