ಬೀಳದ ಕಾರನ್ನು ಬೀಳಿಸುವ ಅಣವೀರ

ಹೊತ್ತು ಈಗಷ್ಟೇ ಮೂಡುತ್ತಿದೆ. ವಾಡಿಯ ಹೊರಗಿನ ಹಾಳುಬಿದ್ದ ಕಲ್ಲುಗಣಿಯ ಬಯಲಲ್ಲಿ ಅಣವೀರ ಸ್ಟೂಲು ಹತ್ತಿ, ತಮ್ಮ ಮೂರು ಗಾಲಿಯ ಕಾರಿನ ನೆತ್ತಿಗೆ ನೆಲಕ್ಕೆ ಹಾಸುವ ಎರಡು ಫರಸಿ ಕಲ್ಲು ಬಿಗಿಯುತ್ತಿದ್ದಾರೆ. ಇವತ್ತಿನ ಟಿವಿ ಚಿತ್ರೀಕರಣದಲ್ಲಿ ಈ ಕಾರು ಆರು ಸಲ ಉರುಳಬೇಕು. ಒಳಗೆ ಕೂತು ಉರುಳುವವರೂ ಅವರೇ. ಮೈಮೇಲೆ ಹಾಸ್ಯನಟನ ಹೂವಿನ ಅಂಗಿ, ತಲೆಗೆ ಅವನ ಕೂದಲಿನಂಥದೇ ವಿಗ್ಗು. ಭಾನುವಾರ ಟಿವಿಯಲ್ಲಿ ಕಾರು ಪಲ್ಟಿ ಹೊಡೆದರೆ ಜನ ಹೊಟ್ಟೆ ಹಿಡಿದು ನಗುತ್ತಾರೆ. ಹೆಸರು ನಟನಿಗೆ, ಭುಜದ ನೋವು ಅಣವೀರರಿಗೆ. ಕೊನೆಗೆ ಸರಸರ ಓಡುವ ಹೆಸರುಗಳ ಪಟ್ಟಿಯಲ್ಲಿ ಚಹಾ ಕೊಟ್ಟವರೂ ಇದ್ದಾರೆ, ಇವರಿಲ್ಲ.

ಐವತ್ನಾಲ್ಕರ ಅಣವೀರ ವಾಡಿಯಲ್ಲಿ ಆಟೊ ರಿಪೇರಿ ಮಾಡುವ ಮಿಸ್ತ್ರಿ. ಹೆಂಡತಿ ಜಗದೇವಿಯವರ ಒಂದು ಕಾಲು ಪೋಲಿಯೊದಿಂದ ಸೊರಗಿದೆ, ಬಸ್ಸಿನ ಮೆಟ್ಟಿಲು ಹತ್ತಲಾಗದು. ಅವರಿಗೆಂದೇ ಹನ್ನೊಂದು ವರ್ಷದ ಹಿಂದೆ ಹಳೇ ಆಟೊದ ಎಂಜಿನ್ನಿಗೆ ಗುಜರಿ ತಗಡು ಜೋಡಿಸಿ, ಮುಂದೊಂದು ಹಿಂದೆರಡು ಗಾಲಿ ಇಟ್ಟು ಕಟ್ಟಿದ ಕಾರು ಇದು. ತಿರುವಿನಲ್ಲಿ ವಾಲದಿರಲೆಂದು ಕಾಲಡಿಗೆ ಒಟ್ಟು ಎಪ್ಪತ್ತು ಕಿಲೊ ತೂಗುವ ಈ ಎರಡು ಫರಸಿ ಹಾಸಿದರು. ಆಮೇಲೆ ಓಣಿಯ ಬಸುರಿಯರು, ಮೊಣಕಾಲು ಹಿಡಿದುಕೊಂಡ ಮುದುಕಿಯರು ಎಲ್ಲ ಇದರಲ್ಲೇ ಶಹಾಬಾದ, ಚಿತ್ತಾಪುರದ ದವಾಖಾನೆಗೆ ಹೋಗಿಬಂದರು. ಒಮ್ಮೆಯೂ ಮಗುಚಲಿಲ್ಲ.

ಹೋದ ವರ್ಷ ಟಿವಿಯವರು ಬಂದು, ನಿಮ್ಮ ಕಾರನ್ನು ನಾಡೆಲ್ಲ ನೋಡಲಿ ಎಂದರು. ಅಣವೀರ ಅದನ್ನು ತೊಳೆದು, ಹಾರ ಹಾಕಿ ಒಯ್ದರು. ಅದು ಬೀಳಬೇಕೆಂದು ತಿಳಿದದ್ದು ಅಲ್ಲಿಗೆ ಹೋದ ಮೇಲೆಯೇ. ನಾಲ್ಕು ಸಲ ಎಳೆದು ತಿರುಗಿಸಿದರೂ ಕಾರು ಜಪ್ಪಯ್ಯ ಅನ್ನಲಿಲ್ಲ. ಕೆಲಸಕ್ಕೆ ಬಾರದ ಡಬ್ಬಾ ಎಂದು ನಿರ್ದೇಶಕ ಕೂಗಾಡಿದ.

"ಮಿಸ್ತ್ರಿ ಬಾಯಾಗ ಆಗಲ್ಲ ಅನ್ನೋ ಮಾತು ಬರಂಗಿಲ್ರಿ. ನನ್ನ ಗಾಡಿಗಿ ಡಬ್ಬಾ ಅಂದ ಕೂಡ್ಲೆ ತಲಿ ಕೆಡ್ತು. ಕೆಳಗಿನ ಕಲ್ಲು ಮ್ಯಾಲ ಕಟ್ಟಿದ್ರ ಬೀಳ್ತದ ಅಂತ ನಾನೇ ಹೇಳ್ದೆ, ನಾನೇ ಕಟ್ಟಿದೆ. ಬಿತ್ತು. ಎಲ್ಲಾರೂ ಚಪ್ಪಾಳಿ ಹೊಡೆದ್ರು. ಅವತ್ತು ಭಾಳ ಖುಷಿ ಆಗಿತ್ತು ನೋಡ್ರಿ. ಸುಡ್ಲಿ ಆ ಖುಷಿ."

ಸಹಿ ಹಾಕಿದ್ದು ಇಪ್ಪತ್ತಾರು ಕಂತಿಗೆ. ಹತ್ತೊಂಬತ್ತು ಮುಗಿದಿವೆ, ಏಳು ಬಾಕಿ. ಟಿವಿಯಲ್ಲಿ ಅದು ಬೀಳುವುದನ್ನು ನೋಡಿದ ಮೇಲೆ ಓಣಿಯಲ್ಲಿ ಮಾತ್ರ ಈಗ ಯಾರೂ ಕಾರು ಹತ್ತುತ್ತಿಲ್ಲ. ಎಪ್ಪತ್ತು ದಾಟಿದ ಸೈದಾನಬಿ ವಾರಕ್ಕೆರಡು ಸಲ ಶಹಾಬಾದಿನ ದವಾಖಾನೆಗೆ ಹೋಗಬೇಕು. ಗೋಡೆ ಹಿಡಿದುಕೊಂಡು ಬಸ್ ಸ್ಟ್ಯಾಂಡಿಗೆ ನಡೆಯುತ್ತಾರೆ. ಕಲ್ಲನ್ನು ಮತ್ತೆ ಕಾಲಡಿಗೆ ಹಾಕಿದ್ದೇನೆ ಎಂದು ಅಣವೀರ ಬಾಗಿಲು ತೆಗೆದು ತೋರಿಸಿದರೂ ಅವರು ಹತ್ತಲಿಲ್ಲ.

"ನಿನ್ನ ಮ್ಯಾಲ ಭರೋಸಾ ಅದ ಬೇಟಾ, ಗಾಡಿ ಮ್ಯಾಲ ಇಲ್ಲ. ಬೇಕಂತ ಯಾರರೆ ತಮ್ಮ ಗಾಡಿ ಬೀಳಸ್ತಾರೇನು?" ಎಂದರು ಸೈದಾನಬಿ.

ಮನೆಯಲ್ಲೂ ಅದೇ ಕಥೆ. ಈ ಕಾರು ಹುಟ್ಟಿದ್ದೇ ಯಾರಿಗಾಗಿಯೋ ಆ ಜಗದೇವಿ ಮುಚ್ಚುಮರೆಯಿಲ್ಲದೆ ಹೇಳುತ್ತಾರೆ: "ನನಗ ಎಲ್ಲಾ ಗೊತ್ತದ್ರಿ. ಆದ್ರೂ ತಿರುವು ಬಂದ್ರ ಕೈ ತಾನೇ ಸರಳು ಹಿಡೀತದ." ಗಂಡ ಅದನ್ನು ಕನ್ನಡಿಯಲ್ಲಿ ನೋಡುತ್ತಾರೆ, ನೋಡಿಯೂ ನೋಡದಂತೆ ಓಡಿಸುತ್ತಾರೆ.

ಒಂದೇ ಒಂದು ಸಲ, ಒಂದೇ ನಿಮಿಷ, ಕಾರು ನೆಟ್ಟಗೆ ಓಡುವುದನ್ನು ತೋರಿಸಿ ಎಂದು ಅಣವೀರ ನಿರ್ದೇಶಕನನ್ನು ಕೇಳಿಕೊಂಡಿದ್ದಾರೆ. ಬೀಳದ ಕಾರನ್ನು ಯಾರು ನೋಡ್ತಾರೆ ಎಂದು ಆತ ನಕ್ಕುಬಿಟ್ಟ. ಈ ಊರಿನ ನೆಮ್ಮದಿಯನ್ನು ಅಷ್ಟು ಸಲೀಸಾಗಿ ಉರುಳಿಸಿದ ಆ ನಿರ್ದೇಶಕನಿಗೆ ತನ್ನ ನಗು ಸಿಟ್ಟು ತರಿಸುವಂಥದ್ದೆಂದು ಗೊತ್ತೂ ಆಗಲಿಲ್ಲ.

ಸೀಟಿ ಕೇಳಿಸುತ್ತದೆ. ಅಣವೀರ ಒಳಗೆ ಕೂತು ಬೆಲ್ಟು ಬಿಗಿಯುತ್ತಾ, ಬರೆದುಕೊಳ್ಳುತ್ತಿರುವ ನಮ್ಮತ್ತ ತಿರುಗುತ್ತಾರೆ.

"ಪೇಪರ್‌ನ್ಯಾಗ ನನ್ನ ಫೋಟೊ ಹಾಕ್ಲಿಲ್ಲಂದ್ರೂ ನಡೀತದ್ರಿ. ಇದು ತಾನಾಗಿ ಒಮ್ಮಿನೂ ಬಿದ್ದಿಲ್ಲ, ಬೀಳಿಸಿದವ ನಾನು ಅಂತ ಬರೀರಿ. ಸೈದಾನಬಿ ಮೊಮ್ಮಗಳು ಶಗುಫ್ತಾ ದಿನಾ ಪೇಪರ್ ಓದ್ತಾಳ. ಅಜ್ಜಿಗಿ ಓದಿ ಹೇಳ್ತಾಳ."