ತೊಳೆದ ದೋಣಿ

ಮೀನೆಣ್ಣೆಯ ವಾಸನೆ ಬಟ್ಟೆಗೆ ಹತ್ತಿದರೆ ಮೂರು ಒಗೆತಕ್ಕೂ ಹೋಗುವುದಿಲ್ಲವೆಂಬುದು ಬೋಳಾರದ ನಮ್ಮ ಮನೆಯ ಹೆಂಗಸರೆಲ್ಲ ಒಪ್ಪಿಕೊಂಡ ಸತ್ಯ. ಹೊಳೆಬದಿಯಲ್ಲಿ ದೋಣಿ ಕಟ್ಟಿ ಹಲಗೆಗೆ ಆ ಎಣ್ಣೆ ಬಳಿಯುವ ನನ್ನ ಸೋದರಮಾವ ಬಾಬು ಮಾವ ಮದುವೆಮನೆಗೆ ಬಂದರೂ ಆ ವಾಸನೆ ಅವರಿಗಿಂತ ಒಂದು ಹೆಜ್ಜೆ ಮುಂದೆ ಬರುತ್ತಿತ್ತು. ಆದರೆ ನಮ್ಮೂರಿನ ನೌಕಾ ವಸ್ತುಸಂಗ್ರಹಾಲಯದವರು ಅದನ್ನು ಒಂದೇ ವಾರದಲ್ಲಿ ಹೋಗಲಾಡಿಸಿದರು. ವಿದ್ಯಾವಂತರಿಗೆ ಯಾವುದು ತಾನೆ ಅಸಾಧ್ಯ, ಹೇಳಿ.

ಮಾವ ಕೈಯಾರೆ ಕಟ್ಟಿ, ಮೂವತ್ತು ವರ್ಷ ತಾವೇ ನಡೆಸಿದ ದೋಣಿಯನ್ನು ಅಲ್ಲಿಗೆ ಕೊಡಿಸಿದವನು ನಾನು. ಪರಂಪರೆ, ಮುಂದಿನ ಪೀಳಿಗೆ ಎಂದೆಲ್ಲ ಅವರ ತಲೆ ತಿಂದಿದ್ದೆ. ಕೊಟ್ಟು ವರ್ಷವಾದ ಮೇಲೆ, ಮೊನ್ನೆ ಭಾನುವಾರ, ಇಬ್ಬರೂ ಅದನ್ನು ನೋಡಲು ಹೋದೆವು. ಬಾಗಿಲಲ್ಲಿ ಉದ್ಘಾಟಕರ, ಅಧ್ಯಕ್ಷರ, ಘನ ಉಪಸ್ಥಿತರ ಹೆಸರುಗಳ ಶಿಲಾಫಲಕ. ಅದರ ಭಾರ ಹೊರುವಷ್ಟು ದೊಡ್ಡ ಹಡಗು ಮಾತ್ರ ಒಳಗೆಲ್ಲೂ ಇರಲಿಲ್ಲ. ಗಾಜಿನ ಪೆಟ್ಟಿಗೆಗಳಲ್ಲಿ ಗೇಣುದ್ದದ ಯುದ್ಧನೌಕೆಗಳು, ಗೋಡೆಯ ಮೇಲೆ ಮೀಸೆ ತಿರುವಿದ ಪೋರ್ಚುಗೀಸ್ ಕಪ್ತಾನರು. ಈ ಕರಾವಳಿಯಲ್ಲಿ ಹಡಗು ಕಟ್ಟಿದವರು ಯಾರೆಂಬ ಪ್ರಶ್ನೆಗೆ 'ಸ್ಥಳೀಯರು' ಎಂಬ ಒಂದೇ ಪದದ ಉತ್ತರ.

ನಡುವೆ, ಏಸಿಯ ತಂಪಿನಲ್ಲಿ, ಮಾವನ ದೋಣಿ. ನಾತಕ್ಕೆ ಅತಿಥಿಗಳು ಮೂಗು ಮುಚ್ಚಿಕೊಂಡಾರೆಂದು ಸೋಪುನೀರಿನಲ್ಲಿ ತಿಕ್ಕಿ ತೊಳೆದು, ವಾರ್ನಿಷ್ ಬಳಿದು, ಹೋಟೆಲಿನ ಮೇಜಿನ ಹಾಗೆ ಹೊಳೆಯಿಸಿದ್ದರು. ಎಣ್ಣೆಯೂ ನೀರೂ ಕಾಣದ ಹಲಗೆಗಳು ಒಣಗಿ, ಬೆರಳು ತೂರುವಷ್ಟು ಸಂದು ಬಿಟ್ಟಿದ್ದವು. ಮಾವ ಒಂದೊಂದೇ ಸಂದಿಗೆ ಬೆರಳಿಟ್ಟು ನೋಡಿದರು. ನನಗೆ ತಲೆಯೆತ್ತಲಾಗದಷ್ಟು ನಾಚಿಕೆಯಾಯಿತು.

ಮುಟ್ಟಬಾರದೆಂದು ಓಡಿಬಂದ ಅಧಿಕಾರಿಗೆ, ನಾಳೆಯೇ ಬಂದು ಸಂದಿಗೆ ಹತ್ತಿ ತುಂಬಿ ಎಣ್ಣೆ ಹಚ್ಚಿಕೊಡುತ್ತೇನೆಂದು ಮಾವ ಹೇಳಿದರು. ಅದಕ್ಕೆ ತಜ್ಞರ ಸಮಿತಿ ಒಪ್ಪಬೇಕಂತೆ. ಕಟ್ಟಿದವರಿಗಿಂತ ದೊಡ್ಡ ತಜ್ಞರು ಯಾರೆಂದು ನಾನು ಕೇಳಿದೆ. ಆತ ಪಾಪ, ನಿಜವಾಗಿಯೇ ಕಡತ ತೆರೆದು ಹೆಸರು ಹುಡುಕತೊಡಗಿದ. ಹಾಗಾದರೆ ವಾಪಸ್ಸು ಕೊಡಿ ಎಂದರೆ, ಒಮ್ಮೆ ಪರಂಪರೆಯಾದದ್ದು ಮತ್ತೆ ದೋಣಿಯಾಗಲು ನಿಯಮದಲ್ಲಿ ಅವಕಾಶವಿಲ್ಲವಂತೆ.

ಹೊರಗೆ ರಿಕ್ಷಾ ಕಾಯುತ್ತ, ಮಾವ ನನ್ನ ಮುಖ ನೋಡದೆ ಹೇಳಿದರು: "ನೀನು ಹೇಳಿದ್ದಕ್ಕೆ ಕೊಟ್ಟದ್ದು ಮಾರಾಯ. ಹೊಳೆಯಲ್ಲಿ ಮುಳುಗಿದ್ದರೆ, ಮುಳುಗಿತು ಅಂತ ಬಿಡ್ತಿದ್ದೆ. ಇದಕ್ಕೆ ಎಂತ ಹೇಳುವುದು?"

ಸಮಿತಿಯನ್ನೂ ಅಧಿಕಾರಿಯನ್ನೂ ಬಯ್ಯಲು ಬಾಯಿ ತೆರೆದವನು ಬಂದ ರಿಕ್ಷಾಕ್ಕೆ ಕೈ ತೋರಿಸಿದೆ. ದಾನಪತ್ರದ ಕೆಳಗೆ ಸಾಕ್ಷಿಯೆಂದು ಸಹಿ ಹಾಕಿದವನು ನಾನೇ.